ಹೆಸರು ಕತ್ತರಿಸಿದ ಸೋಬಾನೆ

ನಮ್ಮ ಕಡೆ ಡೌನ್‌ಲೋಡ್ ಅಂದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದಲ್ಲ, ಅಂಗಡಿಗೆ ಬಂದು ಫೋನಿಗೆ ತುಂಬಿಸಿಕೊಳ್ಳುವುದು. ಗಿರಾಕಿ ಫೋನಿನ ಬೆನ್ನಿನ ಮುಚ್ಚಳ ತೆಗೆದು, ಬ್ಯಾಟರಿಯ ಪಕ್ಕದ ಉಗುರಿನಷ್ಟು ಚಿಕ್ಕ ಕಾರ್ಡನ್ನು ಕಿತ್ತು ನನ್ನ ಕೈಗೆ ಕೊಡುತ್ತಿದ್ದ. ನಾನು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅವನು ಕೇಳಿದ ಹಾಡುಗಳನ್ನು ಸುರಿದು ವಾಪಸ್ಸು ಕೊಡುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಎಂಟೊಂಬತ್ತು ವರ್ಷವಾಗಿದ್ದ ಕಾಲ. ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರು ನನ್ನದು ಒಂದೇ ಶೆಟರಿನ ಅಂಗಡಿ. ಶೆಟರಿನ ಮೇಲೆ ‘ಎಲ್ಲಾ ತರಹದ ಡೌನ್‌ಲೋಡ್ ಮಾಡಿಕೊಡಲಾಗುವುದು’ ಎಂದು ಬರೆಸಿದ್ದೆ. ಅದು ಕಳ್ಳ ವ್ಯಾಪಾರ ಎಂದು ನನಗೆ ಅನ್ನಿಸಿರಲಿಲ್ಲ. ಅನ್ನಿಸಿದ್ದರೆ ಬೋರ್ಡು ಯಾಕೆ ಬರೆಸುತ್ತಿದ್ದೆ.

ಕಾನೂನಿನ ಸುದ್ದಿ ಪೇಪರಿನಲ್ಲಿ ಬಂತು. ಪಕ್ಕದ ಅಂಗಡಿಯ ಟೈಲರ್ ಅದನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ಗಟ್ಟಿಯಾಗಿ ಓದಿದ. ಹಾಡು, ಸಿನಿಮಾ ಕದ್ದು ಕಾಪಿ ಮಾಡುವವರನ್ನು ಇನ್ನು ಮೇಲೆ ಹಿಡಿದು ಒಳಗೆ ಹಾಕುತ್ತಾರೆ, ಹೊಸ ಕಾನೂನು ಬಿಗಿಯಾಗಿದೆ ಎಂದು ಅದರಲ್ಲಿತ್ತು. ಆ ಕಾನೂನಿನ ಪೂರ್ತಿ ವಿವರ ನನಗೆ ಇವತ್ತಿಗೂ ತಿಳಿಯದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಜನಕ್ಕೂ ತಿಳಿಯಲಿಲ್ಲ. ಆದರೆ ತಿಳಿಯದೆ ಇದ್ದದ್ದಕ್ಕೆ ಯಾರೂ ಸುಮ್ಮನಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಗುಂಪು ಕೂಡಿತು.

“ನಾಳೆ ನಾನು ಸಿನಿಮಾದೋರ ಅಂಗಿ ನೋಡಿ ಅದೇ ತರ ಹೊಲಿದ್ರೆ ನನ್ನೂ ಹಿಡೀತಾರೇನಪ್ಪ?” ಎಂದು ಟೈಲರ್ ಕೇಳಿದ.

“ನೀನು ಹೊಲಿದಿದ್ದು ಅದೇ ತರ ಇರಲ್ಲ ಬಿಡು, ನಿಂಗೆ ಭಯ ಇಲ್ಲ” ಎಂದು ಯಾರೋ ಅಂದರು.

ಕುರಿ ಕಾಯುವ ಒಬ್ಬ ಹಿರಿಯ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ. “ಕ್ಯಾಸೆಟ್ನಾಗೆ ಕೇಳ್ತಿದ್ದಾಗ ಯಾರೂ ಕೇಳ್ಲಿಲ್ಲ. ಅದೇ ಪದ ಕಾರ್ಡಿನಾಗೆ ಕೇಳಿದ್ರೆ ಕೇಸಾ? ಪದ ಏನು ಕರಗೋಗ್ತೈತಾ ನಾನು ಕೇಳಿದ್ರೆ?”

ಕೆಲವರು ನಿಜವಾಗಿಯೂ ಹೆದರಿದ್ದರು. ಬಸ್ಸಿನಲ್ಲಿ ಫೋನು ಕಿತ್ತು ನೋಡುತ್ತಾರಂತೆ ಎಂಬ ಮಾತು ಹೇಗೋ ಹುಟ್ಟಿತ್ತು. ತುಂಬಿಸಿಕೊಂಡು ಹೋದವರೇ ಅಳಿಸು ಎಂದು ವಾಪಸ್ಸು ಬಂದರು. ಒಬ್ಬ ಮುದುಕಿ ಮೊಮ್ಮಗನ ಫೋನು ತಂದು ನನ್ನ ಮೇಜಿನ ಮೇಲಿಟ್ಟು, “ಎಲ್ಲಾ ತೆಗೆದುಹಾಕಪ್ಪ, ದೇವ್ರ ಪದ ಮಾತ್ರ ಇರ್ಲಿ. ದೇವ್ರೇನು ಕಂಪ್ಲೇಂಟ್ ಕೊಡಲ್ಲ” ಅಂದಳು.

ಸಿರಿಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಒಬ್ಬ ಹುಡುಗ ಪೇಪರನ್ನು ಎರಡು ಸಲ ಓದಿ, “ಕೇಳೋರಿಗೆ ಅಂಥದ್ದೇನಿಲ್ಲ. ತುಂಬಿಸಿ ಮಾರೋರಿಗೆ ಐತೆ” ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ಕಾನೂನು ಎಲ್ಲರದಾಗಿತ್ತು, ಆಮೇಲೆ ನನ್ನೊಬ್ಬನದಾಯಿತು. ಗುಂಪು ಸಮಾಧಾನದಿಂದ ಕರಗಿತು.

ಚಿತ್ರದುರ್ಗದಲ್ಲಿ ಒಂದು ಅಂಗಡಿಯ ಕಂಪ್ಯೂಟರನ್ನು ಹೊತ್ತುಕೊಂಡು ಹೋದರು ಎಂದು ಕಾರ್ಡು ಸರಬರಾಜು ಮಾಡುವವನು ಬಂದು ಹೇಳಿದ ಮೇಲೆ ನಾನು ಸಿನಿಮಾ ಹಾಡುಗಳನ್ನೆಲ್ಲ ಅಳಿಸಿದೆ. ಬೋರ್ಡಿನ ಮೇಲೆ ಹಳೆಯ ಕ್ಯಾಲೆಂಡರ್ ಅಂಟಿಸಿದೆ. ರೀಚಾರ್ಜ್, ಫೋನಿನ ಕವರು, ಚಾರ್ಜರ್ ರಿಪೇರಿ ಇಷ್ಟೇ ಉಳಿಯಿತು. ಗಿರಾಕಿಗಳು ಬಂದು ಖಾಲಿ ಕೈಯಲ್ಲಿ ಹೋಗುವುದನ್ನು ನೋಡುತ್ತಾ ಕೂರುವುದು ಕೆಲಸಕ್ಕಿಂತ ಹೆಚ್ಚು ದಣಿಸುತ್ತದೆ.

ರೀಚಾರ್ಜಿಗೆ ಬರುತ್ತಿದ್ದ ಒಬ್ಬ ಕಾನ್‌ಸ್ಟೇಬಲ್ ನನ್ನ ಮುಖ ನೋಡಿ ಒಂದು ದಿನ ಅಂದ: “ಅಷ್ಟ್ಯಾಕೆ ಮಂಕಾಗಿದೀಯಪ್ಪ. ನಾವೇ ಬಂದು ಹಿಡಿಯಲ್ಲ. ಕಂಪನಿಯೋರು ಬಂದು ಇದು ನಂದು ಅಂತ ಹೇಳ್ಬೇಕು, ಆಮೇಲೆ ನಾವು ಬರೋದು. ನಂದು ಅನ್ನೋರು ಇಲ್ದಿರೋ ಪದ ಇಟ್ಕೋ. ಯಾರು ಕೇಳ್ತಾರೆ?”

ಅವನು ಹೋದ ಮೇಲೆ ನಾನು ನನ್ನ ಫೋನು ತೆಗೆದೆ. ಅದರಲ್ಲಿ ನಮ್ಮ ಅಕ್ಕ ಹಾಡಿದ ಸೋಬಾನೆ ಇತ್ತು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳನ್ನು ಕೊಟ್ಟಿದ್ದು ಹಿರೇಗುಂಟನೂರಿನ ಹತ್ತಿರದ ಒಂದು ಹಳ್ಳಿಗೆ. ಮದುವೆ ಮನೆಗಳಲ್ಲಿ ಸೋಬಾನೆ ಹಾಡುವುದಕ್ಕೆ ಸುತ್ತಿನ ಊರುಗಳಿಂದ ಅವಳನ್ನು ಕರೆಯುತ್ತಿದ್ದರು. ಅವಳು ಮುಂದೆ ಹಾಡುವವಳು, ಇನ್ನು ಮೂವರು ಹೆಂಗಸರು ಹಿಂದೆ ಹಿಡಿಯುವವರು. ಭಾವ ತೀರಿಕೊಂಡ ಮೇಲೆ ಇನ್ನು ಯಾರೂ ಕರೆಯುವುದಿಲ್ಲ ಎಂದು ಅಕ್ಕ ಮನೆಯಲ್ಲೇ ಕುಳಿತಿದ್ದಳು. ಆದರೆ ಮುಂದಿನ ಲಗ್ನದ ಕಾಲಕ್ಕೇ ಎಲೆ ಅಡಿಕೆ ಹಿಡಿದುಕೊಂಡು ಜನ ಬಂದರು. ಹಸೆಯ ಹತ್ತಿರ ಹೋಗದೆ, ಒಂದು ಕಂಬದ ಪಕ್ಕ ಕುಳಿತು ಅವಳು ಹಾಡುತ್ತಿದ್ದಳು. ತನ್ನನ್ನು ಕರೆದರು ಎಂಬುದನ್ನು ಅವಳು ಬೇರೆ ಬೇರೆ ಮಾತಿನಲ್ಲಿ ನನಗೆ ಎಷ್ಟು ಸಲ ಹೇಳಿದ್ದಾಳೋ.

ಕರೆಯಲು ಬಂದವರು ಹುಡುಗಿಯ ಹೆಸರು, ಹುಡುಗನ ಹೆಸರು, ಎರಡೂ ಊರಿನ ಹೆಸರು ಹೇಳಿ ಹೋಗಬೇಕು. ಅಕ್ಕ ಅದನ್ನು ಬಸ್ಸಿನಲ್ಲಿ ಬಾಯೊಳಗೇ ತಿರುವಿ ಹಾಕುತ್ತಾ ಬರುತ್ತಿದ್ದಳು. ಹೆಸರು ಉದ್ದವಿದ್ದರೆ ಪದವನ್ನು ಎಳೆಯುತ್ತಿದ್ದಳು, ಗಿಡ್ಡವಿದ್ದರೆ ಮಡಿಸುತ್ತಿದ್ದಳು. “ಹೆಸ್ರು ಪದದಾಗೆ ಕುಂತ್ಕಬೇಕು ಕಣೋ, ನೇತಾಡಬಾರ್ದು” ಅನ್ನುತ್ತಿದ್ದಳು.

ಒಂದು ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಅವಳು ಹಾಡಿದ್ದನ್ನು ನಾನು ಫೋನಿನಲ್ಲಿ ಹಿಡಿದಿದ್ದೆ. ಆ ಹುಡುಗಿಯ ಹೆಸರು ನಾಗವೇಣಿ.

“ಹೊಸಲು ದಾಟವ್ವ ನಾಗವೇಣಿ, ಹಿಂದಕ್ಕೆ ನೋಡಬ್ಯಾಡ,
ಕಂಬಕ್ಕೆ ಒರಗ್ಯಾನೆ ನಿಮ್ಮಪ್ಪ, ಸೋಬಾನವೇ.”

ಹಾಡಿ ಮುಗಿಸಿದವಳು ಫೋನಿನ ಕಡೆ ಕೈ ತೋರಿಸಿ, “ಯಾಕೋ ಅದು?” ಎಂದು ಕೇಳಿದ್ದಳು.

“ಕೇಳಕ್ಕೆ ಅಕ್ಕ. ಅಂಗಡಿಯಾಗೆ ಒಬ್ನೇ ಕುಂತಿರ್ತೀನಲ್ಲ.”

“ನೀನು ಕೇಳಕ್ಕೆ ತಾನೆ? ಕೇಳು.”

ಇಷ್ಟೇ ಅವಳು ಕೊಟ್ಟ ಒಪ್ಪಿಗೆ. ಅವಳ ಮಾತಿನಲ್ಲಿ ಗಟ್ಟಿಯಾಗಿದ್ದದ್ದು ‘ನೀನು’ ಎಂಬುದು. ಕಾನ್‌ಸ್ಟೇಬಲ್ ಹೇಳಿದ ಮಾತನ್ನು ಕೇಳಿದ ದಿನ ನನಗೆ ಅದು ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಅಕ್ಕ ಸ್ಟೇಷನ್ನಿಗೆ ಹೋಗುವವಳಲ್ಲ ಎಂಬುದೂ ಜೊತೆಗೇ ಬಂತು.

ಆ ಹಾಡನ್ನು ಕಂಪ್ಯೂಟರಿಗೆ ಹಾಕಿದೆ. ಡೌನ್‌ಲೋಡ್ ಇದೆಯಾ ಎಂದು ಕೇಳಿದವರಿಗೆ, “ಸಿನಿಮಾದು ಇಲ್ಲ. ಸೋಬಾನೆ ಐತೆ, ಇದಕ್ಕೆ ಕೇಸಿಲ್ಲ” ಎಂದು ಹೇಳತೊಡಗಿದೆ. ಮೊದಲು ನಕ್ಕರು, ಆಮೇಲೆ ಹಾಕಿಸಿಕೊಂಡರು. ಲಗ್ನದ ಕಾಲ ಹತ್ತಿರವಿತ್ತು. ಹೊಸದುರ್ಗದ ಕಡೆ ಮದುವೆಗಳಿಗೆ ಶಾಮಿಯಾನ, ಸೌಂಡ್ ಬಾಕ್ಸ್ ಕೊಡುವವನೊಬ್ಬ ಬಂದು ಕೇಳಿ, ಕಣ್ಣು ಮುಚ್ಚಿಕೊಂಡು ನಿಂತು, “ಇದು ಬೇಕಾಗಿತ್ತು ನಂಗೆ” ಅಂದ. ಅವನಿಂದ ಅದು ಹೊಸದುರ್ಗ, ಹಿರಿಯೂರು ಕಡೆಗೆಲ್ಲ ಹೋಯಿತು.

ಅಷ್ಟರಲ್ಲಿ ಅಕ್ಕ ಒಂದು ದಿನ ಕಣ್ಣಿನ ಡಾಕ್ಟರಿಗೆ ತೋರಿಸಲು ಹೊಳಲ್ಕೆರೆಗೆ ಬಂದಳು. ಟೀ ಅಂಗಡಿಯಲ್ಲಿ ಯಾರದೋ ಫೋನಿನಿಂದ ಅವಳದೇ ದನಿ ಬರುತ್ತಿತ್ತು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ನನ್ನ ದನಿ ಹಿಂಗೈತಾ? ಮೂಗಿನಾಗೆ ಹಾಡ್ತೀನಲ್ಲೋ.” ನನ್ನ ಅಂಗಡಿಯಲ್ಲಿ ಕುಳಿತು ನೀರು ಕುಡಿದ ಮೇಲೆ ಕೇಳಿದಳು: “ಹಾಡು ಕದಿಯೋರ ಮೇಲೆ ಅದೇನೋ ಕಾನೂನು ಬಂದೈತಂತಲ್ಲ. ನಂಗೂ ಬರ್ತೈತಾ ಅದು?”

ಅವಳು ತಮಾಷೆಗೆ ಕೇಳಿದಳೋ ನಿಜಕ್ಕೂ ಕೇಳಿದಳೋ ಗೊತ್ತಾಗಲಿಲ್ಲ. ನಾನು ಅವಳ ಮುಖ ನೋಡದೆ, “ಅದು ಸಿನಿಮಾದೋರಿಗೆ ಅಕ್ಕ” ಅಂದೆ. ಬಾಗಿಲಲ್ಲಿ ನಿಂತಿದ್ದ ಟೈಲರ್ ಮಾತ್ರ ನನ್ನನ್ನೇ ನೋಡುತ್ತಿದ್ದ.

ಲಗ್ನಗಳು ಶುರುವಾದ ಮೇಲೆ ಒಂದು ಮಧ್ಯಾಹ್ನ ಹೊಸದುರ್ಗದ ಕಡೆಯ ಒಬ್ಬ ರೈತ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೇರ ನನ್ನ ಅಂಗಡಿಗೆ ಬಂದ.

“ಆ ಸೋಬಾನೆ ಪದ ಹಂಚಿದ್ದು ನೀನೇ ಏನಪ್ಪ?”

“ಹೂಂ ಯಜಮಾನ್ರೇ. ಕುಂತ್ಕಳ್ರಿ.”

“ಕುಂತ್ಕಳಕ್ಕೆ ಬಂದಿಲ್ಲ. ನನ್ನ ಮಗಳ ಹೆಸ್ರು ಶೈಲ. ಯಾರು ಆ ನಾಗವೇಣಿ? ಮಗಳ ಕೈ ತಗಂಡು ಬೀಗರ ಕೈಯಾಗೆ ಇಡ್ತಾ ಇದೀನಿ, ಸೌಂಡ್ ಪೆಟ್ಟಿಗೆ ಕೂಗ್ತೈತೆ, ಹೊಸಲು ದಾಟವ್ವ ನಾಗವೇಣಿ ಅಂತ. ಗಂಡಿನ ಅಜ್ಜಿ ಎದ್ದು ನಿಂತು ಕೇಳ್ತಾಳೆ, ಏನಪ್ಪ, ನೋಡಿದ್ದೊಂದು ಹುಡುಗಿ, ಕಳಿಸ್ತಿರೋದೊಂದು ಹುಡುಗಿನಾ ಅಂತ. ಇವತ್ತಿಗೂ ಆ ಮನೆ ಹುಡುಗ್ರು ನನ್ನ ಮಗಳನ್ನ ನಾಗವೇಣಿ ಅತ್ಗೆ ಅಂತ ಚುಡಾಯಿಸ್ತಾವೆ. ಅವಳು ಫೋನ್ ಮಾಡಿ ಅಳ್ತಾಳೆ.”

ಟೈಲರ್ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದ. ನಾನು ತಪ್ಪಾಯಿತು ಎಂದೆ. ರೈತ ಸ್ವಲ್ಪ ಹೊತ್ತು ಬೈದು ಸುಸ್ತಾಗಿ ಸ್ಟೂಲಿನ ಮೇಲೆ ಕುಳಿತ. ಆಮೇಲೆ ಬೇರೆ ದನಿಯಲ್ಲಿ ಹೇಳಿದ: “ಪದ ಮಾತ್ರ ಚೆನ್ನಾಗೈತೆ. ನಮ್ಮನೆಯೋಳು ಹೆಸ್ರು ತಪ್ಪಿದ್ರೂ ಅತ್ತುಬಿಟ್ಲು. ಆ ಹೆಣ್ಣುಮಗಳು ಎಲ್ಲಿಯೋಳು ಹೇಳು. ಇನ್ನೊಬ್ಬ ಮಗಳು ಐದಾಳೆ. ಆಗ ಆಯಮ್ಮನ್ನೇ ಕರೆಸಾಣ.”

ಅಕ್ಕನ ಊರು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇವನು ಎಲೆ ಅಡಿಕೆ ಹಿಡಿದುಕೊಂಡು ಅಕ್ಕನ ಜಗಲಿಯ ಮೇಲೆ ಕುಳಿತು, ಪೆಟ್ಟಿಗೆ, ನಾಗವೇಣಿ, ಹೊಳಲ್ಕೆರೆಯ ಅಂಗಡಿ ಎಲ್ಲವನ್ನೂ ಹೇಳುವುದು ನನ್ನ ಕಣ್ಣ ಮುಂದೆ ಬಂತು. ಟೀ ಅಂಗಡಿಯಲ್ಲಿ ಕೇಳಿ ನಕ್ಕವಳಿಗೆ ನಾನು ಅದನ್ನು ಮಾರುತ್ತಿದ್ದೇನೆಂದು ಗೊತ್ತಿರಲಿಲ್ಲ. ನೀನು ಕೇಳಕ್ಕೆ ತಾನೆ ಎಂದವಳು ಆಗ ಏನು ಅಂದುಕೊಳ್ಳುತ್ತಾಳೆ?

“ಅವ್ರಿಲ್ಲ, ಯಜಮಾನ್ರೇ” ಅಂದೆ.

ಅವರು ಈ ಕಡೆ ಇಲ್ಲ, ಊರಲ್ಲಿ ಇಲ್ಲ ಎಂದು ಏನೋ ಒಂದು ಹೇಳಲು ಹೊರಟಿದ್ದೆ. ಆದರೆ ಆ ಮಾತು ಬಾಯಿಂದ ಬಿದ್ದ ರೀತಿಗೆ ರೈತ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಅಯ್ಯೋ ಶಿವನೇ. ಯಾವಾಗ ಹೋದ್ರು?”

ಅಲ್ಲಿ ನಾನು ತಿದ್ದಬಹುದಿತ್ತು. ನಮ್ಮ ಭಾಷೆಯಲ್ಲಿ ಮನೆಯಲ್ಲಿ ಇಲ್ಲದಿರುವುದಕ್ಕೂ ಭೂಮಿಯ ಮೇಲೆ ಇಲ್ಲದಿರುವುದಕ್ಕೂ ಒಂದೇ ಮಾತು, ಆದರೆ ತಿದ್ದುವುದಕ್ಕೆ ಬೇರೆ ಮಾತುಗಳು ಬೇಕಾದಷ್ಟಿವೆ.

“ಸ್ವಲ್ಪ ದಿನ ಆತು” ಅಂದೆ.

ಅವನು ಎದ್ದು ಹೋದ ಮೇಲೆ ನಾನು ಶೆಟರನ್ನು ಅರ್ಧ ಎಳೆದು ಕುಳಿತೆ. ಭಯವಾದದ್ದು ಹೇಳಿದ ಸುಳ್ಳಿಗಲ್ಲ, ಹೆಸರಿಗೆ. ಇನ್ನೊಂದು ಮದುವೆಯಲ್ಲಿ ಇದೇ ಆಗಿ, ಇನ್ನೊಬ್ಬರು ಹುಡುಕಿಕೊಂಡು ಬಂದರೆ? ಹಾಡಿನಿಂದ ಹೆಸರನ್ನೇ ತೆಗೆದುಬಿಡಬೇಕು ಅನ್ನಿಸಿತು.

ರಿಂಗ್‌ಟೋನ್ ಕತ್ತರಿಸುವುದಕ್ಕೆ ನನ್ನ ಹತ್ತಿರ ಒಂದು ಸಾಫ್ಟ್‌ವೇರ್ ಇತ್ತು. ಅದರಲ್ಲಿ ದನಿ ಗೆರೆಯಾಗಿ ಕಾಣುತ್ತದೆ. ಗಟ್ಟಿಯಾಗಿ ಹಾಡಿದ ಕಡೆ ಗೆರೆ ಗುಡ್ಡದಂತೆ ಉಬ್ಬುತ್ತದೆ, ಸಣ್ಣ ದನಿಗೆ ಬಯಲಾಗುತ್ತದೆ. ‘ನಾ’ ಎಂಬಲ್ಲಿ ಅಕ್ಕ ಎಳೆಯುತ್ತಿದ್ದಳು, ಆದ್ದರಿಂದ ಹೆಸರು ಶುರುವಾಗುವ ಜಾಗ ಸುಲಭವಾಗಿ ಸಿಕ್ಕಿತು. ಮುಗಿಯುವ ಜಾಗ ಸಿಗಲಿಲ್ಲ. ಅಕ್ಕ ‘ಣಿ’ ಬಿಡುವ ಮೊದಲೇ ಹಿಂದಿನ ಹೆಂಗಸರು ‘ಸೋ’ ಎಂದು ಹಿಡಿಯುತ್ತಿದ್ದರು. ಎರಡೂ ಒಂದರ ಮೇಲೊಂದು ಕುಳಿತಿದ್ದವು. ‘ಸೋ’ ಉಳಿಸಿದರೆ ‘ಣಿ’ಯ ಬಾಲ ಉಳಿದು ಮಗು ಮುಲುಗಿದ ಹಾಗೆ ಕೇಳುತ್ತಿತ್ತು. ಎರಡನ್ನೂ ತೆಗೆದರೆ ತಾಳ ಎಡವುತ್ತಿತ್ತು. ಜಾಗವನ್ನು ಸುಮ್ಮನೆ ಖಾಲಿ ಬಿಟ್ಟು ನೋಡಿದೆ, ಪೆಟ್ಟಿಗೆ ಕೆಟ್ಟಿತೇನೋ ಅನ್ನಿಸುವಂತಿತ್ತು.

ಕೊನೆಗೆ ಎರಡು ನುಡಿಗಳ ನಡುವೆ ಹೆಂಗಸರು ಗುನುಗುವ ಕಡೆಯಿಂದ ಒಂದು ತುಂಡು ತೆಗೆದು ಹೆಸರಿದ್ದ ಜಾಗಗಳಿಗೆ ಅಂಟಿಸಿದೆ. ಅದು ಕೂಡಿತು. ಒಂದೇ ಒಂದು ತೊಂದರೆ ಉಳಿಯಿತು. ಹೆಸರು ಬರುವ ಮುಂಚೆ ಅಕ್ಕ ಪ್ರತಿ ಸಲ ಒಂದು ಸಣ್ಣ ಉಸಿರು ತೆಗೆದುಕೊಳ್ಳುತ್ತಾಳೆ. ಬಸ್ಸಿನಲ್ಲಿ ಬಾಯೊಳಗೆ ತಿರುವಿಕೊಂಡು ಬಂದ ಹೆಸರನ್ನು ನೆನಪಿನಿಂದ ಎತ್ತಿಕೊಳ್ಳುವ ಉಸಿರು ಅದು. ಹೆಸರು ಹೋದ ಮೇಲೆ ಆ ಉಸಿರು ಹೊಂದದೆ ಕೇಳುತ್ತಿತ್ತು. ಅದನ್ನೂ ತೆಗೆದೆ. ಎಷ್ಟು ಸಲ ಕೇಳಿದ್ದೆನೆಂದರೆ ಅದು ಅಕ್ಕನ ದನಿ ಎಂಬುದೇ ಮರೆತುಹೋಗಿತ್ತು. ಗುಡ್ಡ, ಬಯಲು ಅಷ್ಟೇ ಕಾಣುತ್ತಿತ್ತು.

ಹೆಸರಿಲ್ಲದ ಸೋಬಾನೆ ಯಾರ ಮನೆಗಾದರೂ ಆಗುತ್ತಿತ್ತು. ಶಾಮಿಯಾನದವನು ಹಳೆಯದನ್ನು ತೆಗೆದು ಇದನ್ನು ಹಾಕಿಸಿಕೊಂಡ. ಆ ರೈತ ಸಿಕ್ಕಿದವರಿಗೆಲ್ಲ ಪಾಪ, ಹಾಡಿದಾಕೆ ಇಲ್ಲವಂತೆ ಎಂದು ಹೇಳಿಕೊಂಡಿದ್ದ. ಹಾಡು ಹೋದ ಕಡೆಯಲ್ಲೆಲ್ಲ ಆ ಮಾತೂ ಅದರ ಜೊತೆ ಹೋಯಿತು, ಅಕ್ಕನ ದನಿಯ ಗುರುತಿದ್ದವರ ಮನೆಗಳಿಗೂ.

ಯುಗಾದಿಗೆ ಅಕ್ಕನ ಮನೆಗೆ ಹೋದೆ. ಒಬ್ಬಟ್ಟು ಬಡಿಸಿ, ಎದುರಿಗೆ ಕುಳಿತು ತುಪ್ಪ ಹಾಕುತ್ತಾ ಹೇಳಿದಳು: “ಈ ಸಲ ಹೊರಗಿನಿಂದ ಒಂದು ಮನೆಯೋರೂ ಎಲೆ ಅಡಿಕೆ ತರ್ಲಿಲ್ಲ ಕಣೋ. ಊರಿನೋರು ಕರೆದ್ರು, ಅವ್ರು ಬಿಡಕ್ಕಾಗ್ದೆ ಕರೀತಾರೆ.”

ನಾನು ತಲೆ ಬಗ್ಗಿಸಿ ತಿನ್ನುತ್ತಿದ್ದೆ.

“ನಿಮ್ಮ ಭಾವ ಹೋದ ಮೇಲೂ ಕರೆದ್ರಲ್ಲ, ಜನ ದೊಡ್ಡೋರು ಅಂದ್ಕಂಡಿದ್ದೆ. ಅವಾಗ ಬಾಯಿ ಬಿಟ್ಟು ಹೇಳಕ್ಕೆ ಸಂಕೋಚ ಆಗಿತ್ತೇನೋ. ಶುಭದ ಮನೆಯಾಗೆ ಬೋಳು ಹಣೆಯೋಳ ದನಿ ಯಾಕೆ ಅಂತ ಈಗ ಅನ್ನಿಸೈತೆ. ಅವ್ರದ್ದು ತಪ್ಪಲ್ಲ ಬಿಡು.”

“ಕಾಲ ಬದಲಾಗೈತೆ ಅಕ್ಕ” ಅಂದೆ ನಾನು. ಇದಕ್ಕಿಂತ ಕೆಟ್ಟ ಮಾತನ್ನು ನಾನು ಯಾವತ್ತೂ ಆಡಿಲ್ಲ. ಅವಳು ಹೌದೆನ್ನುವಂತೆ ತಲೆ ಆಡಿಸಿ ಇನ್ನೊಂದು ಒಬ್ಬಟ್ಟು ಹಾಕಿದಳು.

ವಾಪಸ್ಸು ಬಂದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹೋದ ಹಾಡನ್ನು ವಾಪಸ್ಸು ತರಬೇಕು ಎಂದು ಹೊರಟೆ. ಅಂಗಡಿ ಮುಚ್ಚಿ ಹೊಸದುರ್ಗಕ್ಕೆ ಹೋದೆ, ಹಿರಿಯೂರಿಗೆ ಹೋದೆ. ಅಲ್ಲಿಯ ಅಂಗಡಿಗಳಲ್ಲಿ ಸಿನಿಮಾ ಹಾಡುಗಳು ಆಗಲೇ ವಾಪಸ್ಸು ಬಂದಿದ್ದವು. ಕಾನೂನಿನ ಭಯ ಅಷ್ಟು ದಿನವೇ ಇದ್ದದ್ದು. ಯಾರೂ ಫೋನು ಕಿತ್ತು ನೋಡಿರಲಿಲ್ಲ, ಚಿತ್ರದುರ್ಗದ ಅಂಗಡಿಯವನು ಹೊಸ ಕಂಪ್ಯೂಟರ್ ತಂದಿದ್ದ. ಕಾನೂನು ಹಾಸ್ಯದ ಮಾತಾಗಿತ್ತು. ಅದನ್ನು ಇನ್ನೂ ನಂಬಿಕೊಂಡು ಊರೂರು ತಿರುಗುತ್ತಿದ್ದವನು ನಾನೊಬ್ಬನೇ ಇರಬೇಕು.

ಯಲ್ಲದಕೆರೆಯ ಒಂದು ಮೊಬೈಲ್ ಅಂಗಡಿಯಲ್ಲಿ ಹೇಳಿದೆ: “ಸೋಬಾನೆ ಅಳಿಸ್ರಿ. ಅದು ಕಾನೂನಿಗೆ ವಿರುದ್ಧ.”

“ಸಿನಿಮಾದ್ದೇ ಅಳಿಸಿಲ್ಲ, ಸೋಬಾನೆ ಅಳಿಸ್ಲಾ? ಯಾವ ಕಂಪನಿಯೋರು ನೀವು?”

“ಕಂಪನಿ ಅಲ್ಲ. ಅದು ನಮ್ಮಕ್ಕನ್ದು.”

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಆಯಮ್ಮ ತೀರ್ಕಂಡ್ರು ಅಂತ ಕೇಳಿದ್ವಿ. ತೀರ್ಕಂಡೋರು ಎಲ್ಲಪ್ಪ ಕೇಸ್ ಹಾಕ್ತಾರೆ?”

ಅಲ್ಲಿದ್ದ ಒಬ್ಬ ಗಿರಾಕಿ, “ಸುಮ್ನಿರಲೇ, ಪಾಪ, ಅಕ್ಕನ್ನ ಕಳ್ಕಂಡೋನು” ಎಂದು ಅವನನ್ನು ಗದರಿ, ನನಗೆ ಕುಳಿತುಕೊಳ್ಳಲು ಜಾಗ ಬಿಟ್ಟ. ನಾನು ಕುಳಿತೆ. ಅವರು ತರಿಸಿದ ಟೀಯನ್ನೂ ಕುಡಿದೆ. ಬದುಕಿರುವ ಅಕ್ಕನ ಸಾವಿಗೆ ಸಿಕ್ಕ ಸಮಾಧಾನದ ಟೀ ಅದು. ಲೋಟ ಕೆಳಗಿಟ್ಟಾಗ, ಹಾಡನ್ನು ವಾಪಸ್ಸು ತರಲು ನನ್ನಿಂದಾಗದು, ಆಡಿದ ಮಾತನ್ನಾದರೂ ತರಬೇಕು ಎಂದು ನಿಶ್ಚಯವಾಯಿತು.

ಮೊದಲು ಆ ರೈತನ ಮನೆಗೆ ಹೋದೆ. ಅವನು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಕಾಯಿಯನ್ನು ಸಲಾಕೆಯಿಂದ ಬಿಡಿಸಿಕೊಂಡು ಕೇಳಿದ:

“ಆಯಮ್ಮಂಗೆ ಗೊತ್ತಾ?”

“ಇಲ್ಲ.”

“ಮತ್ತೆ ನನಗ್ಯಾಕೆ ಹೇಳಕ್ಕೆ ಬಂದೆ? ನನಗೆ ಹೇಳೋದು ಸಲೀಸು ಅಂತಾನಾ?”

ಅದು ನಿಜವಾಗಿತ್ತು. ಅವನು ಇನ್ನೊಂದು ಕಾಯಿ ಎತ್ತಿಕೊಂಡ. “ಸಣ್ಣ ಮಗಳಿಗೆ ಗಂಡು ಗೊತ್ತಾಗೈತೆ. ನಮ್ಮನೆಯೋಳು ಎಲೆ ಅಡಿಕೆ ತಗಂಡು ಆ ಊರಿಗೆ ಹೋಗ್ತಾಳೆ. ಅಷ್ಟರಾಗೆ ನೀನು ಹೇಳಿರ್ಬೇಕು. ಇಲ್ದಿದ್ರೆ ಅವಳೇ ಹೇಳ್ತಾಳೆ.”

ಅಕ್ಕ ಮೊರದಲ್ಲಿ ಕಡಲೆಕಾಯಿ ಬೀಜ ಆರಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು. ಮಾರಿದ್ದಕ್ಕೆ ಏನೂ ಅನ್ನಲಿಲ್ಲ. ರೈತನಿಗೆ ಹೇಳಿದ ಮಾತು ಬಂದಾಗ ಮಾತ್ರ ತಡೆದಳು.

“ಏನಂದೆ? ಸರಿಯಾಗಿ ಹೇಳು.”

“ಅವ್ರಿಲ್ಲ ಅಂದೆ.”

“ಸತ್ತೋದ್ಲು ಅಂದ್ಯಾ?”

“ಇಲ್ಲ. ಅವ್ರು ಹಂಗೆ ತಿಳ್ಕಂಡ್ರು.”

“ತಿಳ್ಕಂಡ ಮೇಲೆ?”

“ಸ್ವಲ್ಪ ದಿನ ಆತು ಅಂದೆ.”

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಅಂಗೈಯಿಂದ ಹಣೆಯನ್ನು ಒಂದು ಸಲ ಒರೆಸಿಕೊಂಡು ಹೇಳಿದಳು: “ಹಂಗಾದ್ರೆ ಇದಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಕನ್ನಡಿ ನೋಡ್ದಾಗೆಲ್ಲ ಇದ್ರಿಂದಾನೇ ಅಂತ ಅಂದ್ಕಂತಿದ್ದೆ ನಾನು. ಯುಗಾದಿ ದಿನ ನಿನ್ನ ಎದುರಿಗೇ ಅಂದೆ. ನೀನು ಒಬ್ಬಟ್ಟು ತಿಂತಾ ಕುಂತಿದ್ದೆ.”

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಆ ಪದ ಹಾಕು, ಕೇಳಾಣ ಅಂದಳು. ಹಾಕಿದೆ. ಹೆಸರಿನ ಜಾಗ ಬಂದಾಗ ಕಿವಿಯನ್ನು ಫೋನಿಗೆ ಹತ್ತಿರ ತಂದಳು. “ಇಲ್ಲಿ ಏನಾತು?”

“ಹೆಸ್ರು ಕತ್ತರಿಸಿದೆ.”

ಇನ್ನೊಂದು ಸಲ ಕೇಳಿದಳು. “ಉಸಿರೂ ಇಲ್ವಲ್ಲೋ” ಅಂದು ಫೋನನ್ನು ನನ್ನ ಕೈಗೆ ಕೊಟ್ಟು ಮತ್ತೆ ಮೊರ ಎಳೆದುಕೊಂಡಳು.

ಎಲೆ ಅಡಿಕೆ ಬಂತು. ಅಕ್ಕ ಹೋಗುವುದಿಲ್ಲ ಅನ್ನುತ್ತಾಳೆಂದು ನಾನು ಹೆದರಿದ್ದೆ. ಅವಳು ತೆಗೆದುಕೊಂಡಳು. ರೈತನ ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹುಡುಗ ಹುಡುಗಿಯ ಹೆಸರು ಸಾಲದೆಂಬಂತೆ ಅಪ್ಪ ಅವ್ವಂದಿರದು, ಅಣ್ಣತಮ್ಮಂದಿರದು, ಅಜ್ಜಿಯದು, ಎರಡೂ ಊರಿನ ಕೆರೆಗಳದು, ಮನೆಯ ಹಸುವಿನದು ಸಹ ಕೇಳಿದಳು. “ಇಷ್ಟೆಲ್ಲ ಯಾಕವ್ವ?” ಎಂದು ಆಕೆ ನಕ್ಕಳು. “ಬೇಕಾಗ್ತೈತೆ” ಅಂದಳು ಅಕ್ಕ.

ಮದುವೆಯ ದಿನ ಅವಳು ಚಪ್ಪರದೊಳಗೆ ಬಂದಾಗ ಹೆಂಗಸರ ಗುಂಪಿನಲ್ಲಿ ಮಾತು ನಿಂತಿತು. ಒಬ್ಬ ಮುದುಕಿ ಎದ್ದು ಬಂದು ಅವಳ ತೋಳು ಮುಟ್ಟಿ ನೋಡಿ, “ಬೆಚ್ಚಗೈತೆ ಕಣ್ರೇ” ಅಂದಳು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಶಾಮಿಯಾನದವನು ಪೆಟ್ಟಿಗೆ ಆರಿಸಿದ. ಹೆಣ್ಣು ಒಪ್ಪಿಸುವ ಹೊತ್ತಿಗೆ ಅಕ್ಕ ಕಂಬದ ಪಕ್ಕ ಕುಳಿತು ಗಂಟಲು ಸರಿಮಾಡಿಕೊಂಡಳು. ಅವಳ ಸುತ್ತ ಫೋನುಗಳು ಮೇಲೆದ್ದವು. ಅವಳು ಅವನ್ನೆಲ್ಲ ಒಂದು ಸುತ್ತು ನೋಡಿ ಶುರುಮಾಡಿದಳು.

“ಹೊಸಲು ದಾಟವ್ವ ಪವಿತ್ರ, ಹಾಲೇಶನ ಮಡದಿ,
ಅಂಬಾ ಅಂತೈತೆ ಗೌರಿ ಹಸು, ಪವಿತ್ರ,
ತಮ್ಮ ಮಂಜಣ್ಣ ಬಾವಿ ಹಿಂದೆ ನಿಂತು ಅಳತಾನೆ, ಸೋಬಾನವೇ.”

ಪ್ರತಿ ಸಾಲಿನಲ್ಲೂ ಒಂದು ಹೆಸರಿತ್ತು, ಕೆಲವು ಸಾಲಿನಲ್ಲಿ ಎರಡು. ಕತ್ತರಿ ಇಡುವುದಕ್ಕೆ ಎಲ್ಲಿಯೂ ಜಾಗವಿರಲಿಲ್ಲ. ನನ್ನ ಕಣ್ಣಿಗೆ ಅಭ್ಯಾಸಬಲದಿಂದ ಗೆರೆ ಕಾಣಿಸಿತು. ಅದರಲ್ಲಿ ಹೆಸರುಗಳನ್ನು ತೆಗೆದರೆ ಉಳಿಯುವುದು ಏನೂ ಇಲ್ಲ. ತನ್ನ ಹೆಸರು ಬಂದಾಗ ತಮ್ಮ ನಿಜವಾಗಿಯೂ ಬಾವಿಯ ಹಿಂದಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದ. ಗಂಡಿನ ಕಡೆಯವರೂ ಅತ್ತರು.

ಶಾಮಿಯಾನದವನು ಫೋನು ಇಳಿಸಿ ನನ್ನ ಹತ್ತಿರ ಬಂದು, “ಇದು ಬೇರೆ ಮದುವೆಗೆ ಬರಂಗಿಲ್ಲ ಕಣಪ್ಪ” ಅಂದ.

“ಇಲ್ಲ, ಬರಲ್ಲ” ಅಂದೆ.

ವಾಪಸ್ಸು ಬರುವಾಗ ಅಕ್ಕ ಬಸ್ಸಿನ ಮುಂದಿನ ಸೀಟಿನಲ್ಲಿ ಹೆಂಗಸರ ಜೊತೆ ಕುಳಿತಳು, ನಾನು ಹಿಂದೆ. ಅವಳ ಊರಿಗೆ ದಾರಿ ತಿರುಗುವ ಗೇಟಿನಲ್ಲಿ ನಾನೂ ಇಳಿದೆ. ಅವಳು ಮಡಿಲಿನ ಎಲೆ ಅಡಿಕೆ ಸರಿಮಾಡಿಕೊಂಡು ಹೇಳಿದಳು:

“ಇವ್ರ ಮನೆಗೆ ಗೊತ್ತಾತು. ಉಳಿದ ಮನೆಗಳಿಗೆ ನೀನೇ ಹೋಗಿ ಹೇಳ್ಬೇಕು.”

“ಯಾರ್ಯಾರ ಫೋನಿನಾಗೆ ಐತೋ ನಂಗೇನು ಗೊತ್ತು ಅಕ್ಕ.”

“ಕೇಳಿಸ್ದ ಕಡೆ ನಿಂತ್ಕಂಡು ಹೇಳು. ನೀನು ಬಸ್ಸಿಗೆ ಹೊರಡು, ಹೊತ್ತಾತು.”

ಒಳಗೆ ಬಾ ಎಂದು ಅವಳು ಕರೆಯಲಿಲ್ಲ. ಆಮೇಲೆಯೂ ಬಹಳ ದಿನ ಕರೆಯಲಿಲ್ಲ.

ನಾನು ಡೌನ್‌ಲೋಡ್ ಬಿಟ್ಟೆ, ರಿಪೇರಿ ಮಾತ್ರ ಮಾಡುತ್ತೇನೆ. ಲಗ್ನದ ಕಾಲ ಬಂದರೆ ಅಂಗಡಿ ಮುಚ್ಚಿ ಹೊರಡುತ್ತೇನೆ. ಪೆಟ್ಟಿಗೆಯಿಂದ ಅಕ್ಕನ ದನಿ ಬರುತ್ತಿರುವ ಚಪ್ಪರ ಕಂಡರೆ ಇಳಿದು, ಯಜಮಾನರನ್ನು ಕೇಳಿಕೊಂಡು ಒಳಗೆ ಹೋಗಿ, ಇದನ್ನು ಹಾಡಿದಾಕೆ ಐದಾಳೆ, ಹಿರೇಗುಂಟನೂರಿನ ಹತ್ತಿರ, ಕರೆದರೆ ಬರುತ್ತಾಳೆ ಎಂದು ಹೇಳುತ್ತೇನೆ. ಕೆಲವರು ನನ್ನನ್ನು ಕುಡಿದವನೆಂದು ಆಚೆ ಕಳಿಸಿದ್ದಾರೆ, ಕೆಲವರು ಊಟಕ್ಕೆ ಕೂರಿಸಿದ್ದಾರೆ. ಎಲ್ಲರೂ ಕೇಳುವುದು ಒಂದೇ: ಇಲ್ಲ ಅಂತ ಹೇಳಿದೋರು ಯಾರು? ನಾನೇ ಎಂದು ಹೇಳಿದ ಮೇಲೆ ಅಲ್ಲಿ ಕುಳಿತು ಉಣ್ಣುವುದು ಕಷ್ಟ. ಆದರೂ ಅದನ್ನು ಮೊದಲು ಹೇಳಿಯೇ ಎಲೆಯ ಮುಂದೆ ಕೂರುತ್ತೇನೆ.